56 ನಿಮಿಷ: ವೇಳಾಪಟ್ಟಿ ಮೊದಲು, ಹಳಿ ಆಮೇಲೆ

ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಿಂದ ಬರ್ನ್‌ಗೆ ಹೋಗುವ ಇಂಟರ್‌ಸಿಟಿ ರೈಲು ಗಂಟೆ ಹೊಡೆದು 2 ನಿಮಿಷಕ್ಕೆ ಹೊರಡುತ್ತದೆ, 58ಕ್ಕೆ ಬರ್ನ್ ಸೇರುತ್ತದೆ. ಅದರ ಹಿಂದಿನದು 32ಕ್ಕೆ ಹೊರಟು 28ಕ್ಕೆ ತಲುಪುತ್ತದೆ. ಬೆಳಗ್ಗೆ ಆಗಲಿ ಸಂಜೆ ಆಗಲಿ, ಲೆಕ್ಕ ಇದೇ. ಸುಮಾರು 120 ಕಿ.ಮೀ. ದಾರಿ, 56 ನಿಮಿಷದ ಪ್ರಯಾಣ. ಯುರೋಪಿನ ಅತಿವೇಗದ ರೈಲುಗಳನ್ನು ನೋಡಿದವರಿಗೆ ಇದೇನೂ ದೊಡ್ಡ ವೇಗವಲ್ಲ. ಆದರೆ ಈ 56 ಎನ್ನುವ ಅಂಕಿ ಹಳಿ ಹಾಕಿದ ಮೇಲೆ ತಾನಾಗಿ ಬಂದದ್ದಲ್ಲ. ಒಂದು ಗಂಟೆಯೊಳಗೆ ತಲುಪಲೇಬೇಕು ಎಂದು ಮೊದಲು ನಿಶ್ಚಯಿಸಿ, ಅದಕ್ಕೆ ಎಷ್ಟು ಬೇಕೋ ಅಷ್ಟೇ ಹಳಿ ಹಾಕಿದರು. 45 ನಿಮಿಷಕ್ಕೆ ಇಳಿಸುವ ಆಸೆ ಪಡಲಿಲ್ಲ. 62 ಆದರೂ ನಡೆಯುತ್ತದೆ ಎಂದು ಬಿಡಲೂ ಇಲ್ಲ. ಪ್ರಾದೇಶಿಕ ರೈಲು ಜಾಲವೊಂದನ್ನು ಯೋಜಿಸುವವರು ಕೂತು ಓದಬೇಕಾದ ಪ್ರಕರಣ ಇದು. ಸ್ವಿಟ್ಜರ್ಲೆಂಡ್ ಇದನ್ನು ‘ಬಾನ್ 2000’ ಎಂದು ಕರೆಯಿತು (ಜರ್ಮನ್ ಭಾಷೆಯಲ್ಲಿ ಬಾನ್ ಎಂದರೆ ರೈಲು).

ಹಿನ್ನೆಲೆ 1960ರ ದಶಕದ ಕೊನೆಯದು. ಆಗಿನ ವೇಳಾಪಟ್ಟಿಯಲ್ಲಿ ಪ್ರತಿ ರೈಲಿಗೂ ತನ್ನದೇ ಹೊತ್ತು. ಬೆಳಗ್ಗೆ ನಾಲ್ಕು ರೈಲು ಒಂದರ ಬೆನ್ನಿಗೊಂದು, ಆಮೇಲೆ ಎರಡು ಗಂಟೆ ಏನೂ ಇಲ್ಲ, ಮಧ್ಯಾಹ್ನ ಇನ್ನೊಂದು. ದೊಡ್ಡ ಊರಿಂದ ದೊಡ್ಡ ಊರಿಗೆ ನೇರ ಹೋಗುವವರಿಗೆ ಹೇಗೋ ಸಾಗುತ್ತಿತ್ತು. ಕಣಿವೆಯ ಸಣ್ಣ ಊರಿನಿಂದ ಹೊರಟು, ಜಂಕ್ಷನ್‌ನಲ್ಲಿ ಇಳಿದು, ಇನ್ನೊಂದು ರೈಲು ಹಿಡಿಯಬೇಕಾದವರ ಪಾಡು ಬೇರೆ. ಹಳಿಯ ಮೇಲೆ ಕಳೆದಷ್ಟೇ ಹೊತ್ತನ್ನು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೂ ಕಳೆಯಬೇಕಿತ್ತು. ಹೊರಗೆ ರಸ್ತೆಗಳಲ್ಲಿ ಕಾರು ಹೆಚ್ಚುತ್ತಿತ್ತು, ಕಾರಿಗೆ ಜಂಕ್ಷನ್ ಇಲ್ಲ.

ರೈಲ್ವೆ ಸಂಸ್ಥೆಯೊಳಗೇ ಇದ್ದ ಕೆಲವು ಕಿರಿಯ ಎಂಜಿನಿಯರುಗಳು ಇದಕ್ಕೊಂದು ಉತ್ತರ ಹುಡುಕಲು ಹೊರಟರು. ಸ್ಯಾಮ್ಯುಯೆಲ್ ಸ್ಟೇಹ್ಲಿ, ಜಾನ್-ಪಿಯೆರ್ ಬರ್ತೂಜೋ, ಹಾನ್ಸ್ ಮೈನರ್ ಅವರಲ್ಲಿ ಮುಖ್ಯರು. ತಮ್ಮ ಗುಂಪನ್ನು ತಲೆತಿರುಕರ ಕ್ಲಬ್ ಎಂದು ಕರೆದುಕೊಂಡರು. ನೆದರ್‌ಲ್ಯಾಂಡ್ಸ್ 1970ರಲ್ಲಿ ಇಡೀ ದೇಶದ ರೈಲುಗಳನ್ನು ನಿಗದಿತ ಅಂತರದ ವೇಳಾಪಟ್ಟಿಗೆ ತಂದಿತ್ತು. ಆ ಮಾದರಿ ಕಣ್ಣ ಮುಂದಿತ್ತು. 1972ರಲ್ಲಿ ಈ ಗುಂಪು ತನ್ನ ಪ್ರಸ್ತಾವ ಮುಂದಿಟ್ಟಿತು: ಪ್ರತಿ ಮಾರ್ಗದಲ್ಲೂ ಗಂಟೆಗೊಂದು ರೈಲು, ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ, ದಿನವಿಡೀ. ಜಾರಿಗೆ ಬರಲು ಹತ್ತು ವರ್ಷ ಹಿಡಿಯಿತು. 1982ರ ಮೇ 23ರಂದು ಇಡೀ ದೇಶಕ್ಕೆ ಈ ವ್ಯವಸ್ಥೆ ಬಂತು.

ಗಂಟೆಗೊಂದು ರೈಲು ಎಂದರೆ ನೆನಪಿಟ್ಟುಕೊಳ್ಳಲು ಸುಲಭ ಎಂದಷ್ಟೇ ತಿಳಿಯುವವರಿದ್ದಾರೆ. ನಿಜವಾದ ಲಾಭ ಅದಲ್ಲ, ಅದು ಕನೆಕ್ಷನ್‌ನಲ್ಲಿದೆ. ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕಾಗುತ್ತದೆ, ಏಕೆಂದರೆ ಇಡೀ ಪ್ರಕರಣ ನಿಂತಿರುವುದೇ ಈ ಲೆಕ್ಕದ ಮೇಲೆ.

ಒಂದು ಮಾರ್ಗದಲ್ಲಿ ಎರಡೂ ಕಡೆಯಿಂದ ಗಂಟೆಗೊಂದು ರೈಲು ಬಿಟ್ಟರೆ, ನೀವು ಕೂತ ರೈಲಿಗೆ ಎದುರಿನಿಂದ ಬರುವ ರೈಲುಗಳು ಪ್ರತಿ 30 ನಿಮಿಷಕ್ಕೊಂದರಂತೆ ಸಿಗುತ್ತವೆ. ಆ ಕ್ರಾಸಿಂಗ್‌ಗಳ ಜಾಗ ಎಲ್ಲಿ ಬೀಳಬೇಕು ಎಂಬುದು ನಮ್ಮ ಕೈಯಲ್ಲಿದೆ. ಅದು ಬಯಲಿನ ನಡುವೆ ಎಲ್ಲೋ ಬಿದ್ದರೆ ಯಾರಿಗೂ ಉಪಯೋಗವಿಲ್ಲ (ಒಂಟಿ ಹಳಿಯಾದರೆ ಅಲ್ಲೊಂದು ಕ್ರಾಸಿಂಗ್ ಲೂಪ್ ಕಟ್ಟುವ ಖರ್ಚು ಬೇರೆ). ಅದೇ ಒಂದು ದೊಡ್ಡ ಜಂಕ್ಷನ್‌ನಲ್ಲಿ ಬೀಳುವಂತೆ ಮಾಡಿದರೆ ಚಿತ್ರವೇ ಬದಲಾಗುತ್ತದೆ. ಆ ಜಂಕ್ಷನ್‌ಗೆ ಸೇರುವ ಎಲ್ಲ ಮಾರ್ಗಗಳ ರೈಲುಗಳೂ ಗಂಟೆ ಹೊಡೆಯುವ ಮುಂಚಿನ ಕೆಲವು ನಿಮಿಷಗಳಲ್ಲಿ ಬಂದು ನಿಲ್ಲುತ್ತವೆ. ಜನ ಇಳಿದು, ದಾಟಿ, ಹತ್ತುತ್ತಾರೆ. ಗಂಟೆ ಹೊಡೆದ ಕೆಲವು ನಿಮಿಷಗಳಲ್ಲಿ ಎಲ್ಲ ರೈಲುಗಳೂ ಹೊರಡುತ್ತವೆ. ಬೇರೆ ಬೇರೆ ವಾದ್ಯಗಳು ತಮ್ಮ ತಮ್ಮ ದಾರಿಯಲ್ಲಿ ಹೋಗಿ ತಾಳದ ಸಮಕ್ಕೆ ಒಟ್ಟಿಗೆ ಬಂದು ಸೇರುವ ಹಾಗೆ. ಎಲ್ಲ ದಿಕ್ಕಿನಿಂದ ಎಲ್ಲ ದಿಕ್ಕಿಗೂ ಕನೆಕ್ಷನ್. ಹೋಗುವಾಗ ಐದು ನಿಮಿಷದ ಕನೆಕ್ಷನ್ ಇದ್ದರೆ ಬರುವಾಗಲೂ ಹೆಚ್ಚುಕಡಿಮೆ ಅಷ್ಟೇ, ಏಕೆಂದರೆ ಎರಡೂ ದಿಕ್ಕಿನ ವೇಳಾಪಟ್ಟಿ ಒಂದಕ್ಕೊಂದು ಕನ್ನಡಿಯ ಪ್ರತಿಬಿಂಬ.

ಹೀಗೆ ಒಂದೇ ಜಂಕ್ಷನ್ ಇದ್ದರೆ ಕೆಲಸ ಸುಲಭ. ಬರ್ನ್, ಜ್ಯೂರಿಕ್, ಬಾಸೆಲ್ ಮೂರೂ ಇಂಥ ಜಂಕ್ಷನ್‌ಗಳಾಗಬೇಕು ಎಂದಾಗ ತೊಡಕು ಶುರು. ಗಂಟೆಗೊಂದು ರೈಲಿನ ಲೆಕ್ಕದಲ್ಲಿ ಎರಡು ಜಂಕ್ಷನ್‌ಗಳ ನಡುವಿನ ಪ್ರಯಾಣಕಾಲ, ನಿಲ್ಲುವ ನಿಮಿಷಗಳೂ ಸೇರಿ, 30, 60 ಅಥವಾ 90 ಆಗಿರಬೇಕು. ಜ್ಯೂರಿಕ್, ಬರ್ನ್, ಬಾಸೆಲ್ ಒಂದು ತ್ರಿಕೋನ. ಮೂರು ಬದಿಯೂ 60ರೊಳಗೆ ಕೂತರೆ ಮೂರು ಊರುಗಳಲ್ಲೂ ಗಂಟೆ ಹೊಡೆಯುವಾಗ ರೈಲುಗಳು ಸೇರುತ್ತವೆ. ಒಂದು ಬದಿ ಹೆಚ್ಚಾದರೂ ತ್ರಿಕೋನ ಕೂಡುವುದಿಲ್ಲ.

ಆಗ ಜ್ಯೂರಿಕ್–ಬರ್ನ್ ಪ್ರಯಾಣಕ್ಕೆ 69 ನಿಮಿಷ ಬೇಕಿತ್ತು. ಒಬ್ಬ ಪ್ರಯಾಣಿಕನ ಲೆಕ್ಕ ಹಿಡಿದು ನೋಡೋಣ. ಜ್ಯೂರಿಕ್‌ನಲ್ಲಿ 10 ಗಂಟೆ 2 ನಿಮಿಷಕ್ಕೆ ಹತ್ತಿದ, ಬರ್ನ್‌ನಲ್ಲಿ ಇಳಿದದ್ದು 11 ಗಂಟೆ 11ಕ್ಕೆ. ಅವನು ಮುಂದೆ ಹೋಗಬೇಕಿದ್ದ ಊರಿನ ರೈಲು 11 ಗಂಟೆ 5ಕ್ಕೇ ಹೊರಟುಹೋಗಿದೆ. ಮುಂದಿನದು 12 ಗಂಟೆ 5ಕ್ಕೆ. ಅಂದರೆ ಅವನ ಪಾಲಿಗೆ 69 ನಿಮಿಷದ ಪ್ರಯಾಣ ಎರಡು ಗಂಟೆಗೂ ಮೀರಿದ್ದು. ಈಗ ಅದೇ ಪ್ರಯಾಣವನ್ನು 56ಕ್ಕೆ ಇಳಿಸಿ: 10 ಗಂಟೆ 58ಕ್ಕೆ ಇಳಿದ, 11 ಗಂಟೆ 5ರ ರೈಲು ಹಿಡಿದ. ಹಳಿಯ ಮೇಲೆ ಉಳಿದದ್ದು 13 ನಿಮಿಷ, ಅವನ ಜೀವನದಲ್ಲಿ ಉಳಿದದ್ದು ಒಂದು ಗಂಟೆ. ಇನ್ನೊಂದು ಕಡೆ ಕೋಟ್ಯಂತರ ಹಣ ಸುರಿದು 50 ನಿಮಿಷದ ಪ್ರಯಾಣವನ್ನು 37ಕ್ಕೆ ತಂದಿರಿ ಎಂದುಕೊಳ್ಳಿ. ಅಲ್ಲೂ 13 ನಿಮಿಷವೇ ಉಳಿದಿದೆ. ಆದರೆ ಕನೆಕ್ಷನ್ ರೈಲು ಹೊರಡುವುದು ಮೊದಲಿನ ಹೊತ್ತಿಗೇ. ಅವನು ಉಳಿಸಿದ ನಿಮಿಷಗಳನ್ನೆಲ್ಲ ಪ್ಲಾಟ್‌ಫಾರ್ಮಿನ ಮೇಲೆ ಹಿಂದಿರುಗಿಸುತ್ತಾನೆ.

ಎಲ್ಲ ನಿಮಿಷಗಳೂ ಒಂದೇ ಬೆಲೆಯವಲ್ಲ. ನನಗೆ ಈ ಪ್ರಕರಣದಲ್ಲಿ ಅತ್ಯಂತ ಅಮೂಲ್ಯವಾಗಿ ಕಾಣುವುದು ಈ ತಿಳಿವಳಿಕೆ. ಇದನ್ನು ಹಣದ ನಿರ್ಧಾರಗಳವರೆಗೆ ಒಯ್ಯುವ ಧೈರ್ಯವನ್ನು ಅವರು ಮಾಡಿದರು.

ಅವರ ಮುಂದೆ ಬೇರೆ ದಾರಿಯೂ ಇತ್ತು. 1970ರ ದಶಕದಲ್ಲಿ ದೇಶದ ಪಶ್ಚಿಮದಿಂದ ಪೂರ್ವಕ್ಕೆ, ಲೊಸಾನ್ ಕಡೆಯಿಂದ ಸೇಂಟ್ ಗ್ಯಾಲನ್ ಕಡೆಗೆ, ಹೊಸ ಅತಿವೇಗದ ಮಾರ್ಗ ಹಾಕುವ ಯೋಜನೆ ಸಿದ್ಧವಾಗುತ್ತಿತ್ತು. ಎರಡು ಮೂರು ದೊಡ್ಡ ನಗರಗಳಿಗೆ ಅದು ವರ. ರೈಲು ಹಾದುಹೋಗುವ, ಆದರೆ ನಿಲ್ಲದ ಊರುಗಳಿಗೆ ಬರೀ ಸದ್ದು. ವಿರೋಧ ಎದ್ದಿತು, ಯೋಜನೆ ಬಿದ್ದಿತು. ಅದರ ಜಾಗದಲ್ಲಿ ಬಂದ ಬಾನ್ 2000ರ ಘೋಷಣೆ ನಾಲ್ಕು ಮಾತಿನದು: ಹೆಚ್ಚು ಸಲ, ಹೆಚ್ಚು ಬೇಗ, ಹೆಚ್ಚು ನೇರ, ಹೆಚ್ಚು ಆರಾಮ. ಯೋಜಕರ ನಡುವೆ ಓಡಾಡುತ್ತಿದ್ದ ಸೂತ್ರ ಇನ್ನೂ ಚುಟುಕು: ಸಾಧ್ಯವಾದಷ್ಟು ವೇಗ ಅಲ್ಲ, ಅಗತ್ಯವಿದ್ದಷ್ಟು ವೇಗ. 1987ರ ಡಿಸೆಂಬರ್ 6ರಂದು ಇದು ಜನಮತಗಣನೆಗೆ ಹೋಯಿತು. ಶೇ. 57ರಷ್ಟು ಮತದಾರರು ಒಪ್ಪಿದರು. ಕೊನೆಯ ಕಣಿವೆಯ ಬಸ್ ಪ್ರಯಾಣಿಕನಿಗೂ ಇದರಲ್ಲಿ ಏನೋ ಸಿಗುತ್ತದೆ ಎನ್ನುವುದು ಮತ ತಂದುಕೊಟ್ಟಿತು ಎಂದೇ ನನ್ನ ಎಣಿಕೆ.

ಆಮೇಲೆ ಹಣದ ಪ್ರಶ್ನೆ. ಮೊದಲ ಅಂದಾಜು 5.4 ಶತಕೋಟಿ ಫ್ರಾಂಕ್. ಅದರಲ್ಲಿ ನಾಲ್ಕು ಹೊಸ ಹಳಿ ತುಂಡುಗಳಿದ್ದವು: ಲೊಸಾನ್ ಮತ್ತು ಬರ್ನ್ ನಡುವೆ ವೋಡರೆನ್–ವಿಲಾರ್, ಬರ್ನ್ ಮತ್ತು ಓಲ್ಟನ್ ನಡುವೆ ಮಾಟ್‌ಸ್ಟೆಟನ್–ರೋಟ್ರಿಸ್ಟ್, ಬಾಸೆಲ್ ಕಡೆಗೆ ಓಲ್ಟನ್–ಮುಟೆನ್ಸ್, ಪೂರ್ವದಲ್ಲಿ ಜ್ಯೂರಿಕ್ ವಿಮಾನ ನಿಲ್ದಾಣದಿಂದ ವಿಂಟರ್‌ಟೂರ್. 1990ರ ದಶಕದ ಆರಂಭಕ್ಕೆ ಅಂದಾಜು ಹಲವು ಪಟ್ಟು ಉಬ್ಬಿತು. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಯೋಜನೆಯನ್ನು ಕೈಬಿಡುತ್ತಾರೆ, ಇಲ್ಲವೇ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕತ್ತರಿಸಿ ಯಾವುದೂ ಸರಿಯಾಗಿ ಆಗದಂತೆ ಮಾಡುತ್ತಾರೆ. ಇವರು ಎರಡನ್ನೂ ಮಾಡಲಿಲ್ಲ. ಬೇಕಾದ ವೇಳಾಪಟ್ಟಿ ಕೈಯಲ್ಲಿದ್ದುದರಿಂದ ಪ್ರತಿ ಸುರಂಗಕ್ಕೂ ಒಂದೇ ಪ್ರಶ್ನೆ ಹಾಕಲು ಸಾಧ್ಯವಾಯಿತು: ನೀನು ಉಳಿಸುವ ನಿಮಿಷ ಯಾವ ಕನೆಕ್ಷನ್‌ಗೆ ಬೇಕು? ಬೇರೆ ದಾರಿಯಲ್ಲಿ ಆ ನಿಮಿಷ ಸಿಗುತ್ತದೆಯೇ?

ನಾಲ್ಕು ಹೊಸ ಹಳಿಗಳಲ್ಲಿ ಮಾಟ್‌ಸ್ಟೆಟನ್–ರೋಟ್ರಿಸ್ಟ್ ಒಂದೇ ಉಳಿಯಿತು. ತ್ರಿಕೋನದ ಎರಡು ಬದಿಗಳು, ಅಂದರೆ ಬರ್ನ್–ಜ್ಯೂರಿಕ್ ಮತ್ತು ಬರ್ನ್–ಬಾಸೆಲ್, ಒಂದೇ ಹಳಿಯ ಮೇಲೆ ಹೋಗುತ್ತವೆ. ಅದನ್ನು ಬಿಟ್ಟರೆ ಯೋಜನೆಯೇ ಇಲ್ಲ. ಉಳಿದ ಕಡೆ ಹಳಿಯ ಬದಲು ರೈಲನ್ನು ಬದಲಿಸಿದರು. ಜನ ಹೆಚ್ಚಿದ ಕಡೆ ಎರಡಂತಸ್ತಿನ ಬೋಗಿಗಳು ಬಂದವು. ತಿರುವು ಹೆಚ್ಚಿರುವ ಜೂರಾ ಬೆಟ್ಟಗಳ ತಪ್ಪಲಿನ ಮಾರ್ಗಕ್ಕೆ, ತಿರುವಿನಲ್ಲಿ ಒಳಕ್ಕೆ ವಾಲುತ್ತಾ ವೇಗ ಕಳೆದುಕೊಳ್ಳದೆ ಸಾಗುವ ರೈಲುಗಳು. ಮಿಕ್ಕಂತೆ ಸಿಗ್ನಲ್, ಪ್ಲಾಟ್‌ಫಾರ್ಮ್, ಮೇಲ್ಸೇತುವೆ, ಎರಡನೇ ಹಳಿ ಎಂದು ದೇಶದಾದ್ಯಂತ ಚದುರಿದ ನೂರಕ್ಕೂ ಹೆಚ್ಚು ಸಣ್ಣ ದೊಡ್ಡ ಕಾಮಗಾರಿ. ಮೊದಲ ಹಂತಕ್ಕೆ 7.4 ಶತಕೋಟಿ ಫ್ರಾಂಕ್ ಎಂದು ಗೊತ್ತುಮಾಡಿದರು, ಮುಗಿದಾಗ ಆಗಿದ್ದು 5.9 ಶತಕೋಟಿ. ಅಂದಾಜಿಗಿಂತ ಕಡಿಮೆಯಲ್ಲಿ ಮುಗಿದ ರೈಲು ಯೋಜನೆಗಳನ್ನು ಬೆರಳಲ್ಲಿ ಎಣಿಸಬಹುದು.

ಹೊಸ ಹಳಿಯ ಉದ್ದ ಸುಮಾರು 45 ಕಿ.ಮೀ. ಅದರ ವಿಶೇಷ ಗಂಟೆಗೆ 200 ಕಿ.ಮೀ. ವೇಗದಲ್ಲಿಲ್ಲ. ಎಲ್ಲ ರೈಲುಗಳೂ ಗಂಟೆ ಹೊಡೆದೊಡನೆ ಬರ್ನ್ ಬಿಡಬೇಕು ಎಂದಾಗ ಏನಾಗುತ್ತದೆ ನೋಡಿ. ಜ್ಯೂರಿಕ್ ರೈಲು ಹೊರಟಿತು, ಅದರ ಬೆನ್ನಿಗೇ ಬಾಸೆಲ್ ರೈಲು. ಬೀಲ್ ಕಡೆಯಿಂದ ಸೊಲೊಟುರ್ನ್ ಮೇಲೆ ಬಂದ ರೈಲೂ ನಡುದಾರಿಯಲ್ಲಿ ಇದೇ ಹಳಿ ಸೇರುತ್ತದೆ. ಗಂಟೆಯ ಉಳಿದ ಹೊತ್ತಿನಲ್ಲಿ ಹಳಿ ಬಿಡುವಾಗಿದ್ದರೂ ಪ್ರಯೋಜನವಿಲ್ಲ, ರೈಲುಗಳು ಬರುವುದು ಅಲೆಯಂತೆ ಒಟ್ಟಿಗೆ. ಆದ್ದರಿಂದ 200 ಕಿ.ಮೀ. ವೇಗದ ರೈಲುಗಳು ಎರಡೇ ನಿಮಿಷದ ಅಂತರದಲ್ಲಿ ಒಂದರ ಹಿಂದೊಂದು ಹೋಗಬೇಕು. ಹಳಿ ಬದಿಯ ದೀಪ ನೋಡಿ ಓಡಿಸುವ ಪದ್ಧತಿಯಲ್ಲಿ ಇದಾಗದು. ಅದಕ್ಕೆ ಇಟಿಸಿಎಸ್ ಎಂಬ ಯುರೋಪಿನ ರೈಲು ನಿಯಂತ್ರಣ ಪದ್ಧತಿಯ ಎರಡನೇ ಹಂತದ ವ್ಯವಸ್ಥೆ: ಮುಂದೆ ಎಷ್ಟು ದೂರ ಹೋಗಬಹುದು, ಯಾವ ವೇಗದಲ್ಲಿ ಎಂಬುದು ರೇಡಿಯೋ ಮೂಲಕ ಚಾಲಕನ ಮುಂದಿನ ಪರದೆಗೇ ಬರುತ್ತದೆ. ಹೊಸ ವೇಳಾಪಟ್ಟಿ ಜಾರಿಯಾದ 2004ರ ಡಿಸೆಂಬರ್ 12ಕ್ಕೆ ಇದು ಸಿದ್ಧವಿರಲಿಲ್ಲ. ತಾತ್ಕಾಲಿಕವಾಗಿ ಮಾಮೂಲಿ ಸಿಗ್ನಲ್ ಕಂಬಗಳನ್ನು ನೆಟ್ಟು 160 ಕಿ.ಮೀ. ವೇಗದಲ್ಲಿ ಓಡಿಸಿದರು, ಆ ವೇಗದಲ್ಲೂ ಗಂಟೆಯೊಳಗೆ ತಲುಪುವುದು ಸಾಧ್ಯವಾಯಿತು. 2007ರಲ್ಲಿ 200 ಬಂತು. ಕಟ್ಟುವ ಮುನ್ನ ಲೆಕ್ಕದಲ್ಲಿ ಎಷ್ಟು ನಿಮಿಷ ಕೈಯಲ್ಲಿ ಇಟ್ಟುಕೊಂಡಿದ್ದರು ಎಂಬುದಕ್ಕೆ ಇದು ಸಾಕ್ಷಿ.

ಆ ಒಂದು ರಾತ್ರಿಯಲ್ಲಿ ದೇಶದ ಬಹುಪಾಲು ರೈಲುಗಳ ವೇಳೆ ಬದಲಾಯಿತು. ಹಂತಹಂತವಾಗಿ ಮಾಡಲು ಬರುವ ಕೆಲಸ ಅದಲ್ಲ. ಒಂದು ಜಂಕ್ಷನ್‌ನ ನಿಮಿಷ ಸರಿದರೆ ಅದಕ್ಕೆ ಕಟ್ಟಿಕೊಂಡ ಎಲ್ಲ ಮಾರ್ಗಗಳ ನಿಮಿಷವೂ ಸರಿಯಬೇಕು, ಆ ಮಾರ್ಗಗಳ ಕೊನೆಯಲ್ಲಿ ಕಾಯುವ ಬಸ್ಸುಗಳದ್ದೂ.

ಲೇಟಾದರೆ? ಇಂಥ ಜಾಲದಲ್ಲಿ ಒಂದು ರೈಲಿನ ತಡ ನಾಲ್ಕು ದಿಕ್ಕಿಗೂ ಹರಡುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. 58ಕ್ಕೆ ಬಂದವನಿಗೆ 2ರ ರೈಲು ಹಿಡಿಯಲು ಇರುವುದು ನಾಲ್ಕೇ ನಿಮಿಷ. ಸ್ವಿಸ್ ರೈಲ್ವೆ ಎಸ್‌ಬಿಬಿ ಮೂರು ನಿಮಿಷಕ್ಕಿಂತ ಹೆಚ್ಚು ತಡವಾದ ರೈಲನ್ನು ಲೇಟ್ ಎಂದೇ ಎಣಿಸುವುದು ಬಿಗುಮಾನಕ್ಕಲ್ಲ. ಕನೆಕ್ಷನ್ ತಪ್ಪುವುದೇ ಆ ಗಡಿಯ ಹತ್ತಿರ. ಹಾಗಾಗಿ ಪ್ರಯಾಣಕಾಲ ಗೊತ್ತುಮಾಡುವಾಗ ರೈಲು ಓಡಬಲ್ಲ ಕನಿಷ್ಠ ಕಾಲವನ್ನು ಬರೆಯುವುದಿಲ್ಲ, ಅದರ ಮೇಲೆ ಸ್ವಲ್ಪ ಸ್ಲ್ಯಾಕ್, ಅಂದರೆ ಹೆಚ್ಚುವರಿ ನಿಮಿಷ, ಸೇರಿಸುತ್ತಾರೆ. ಈ ಸ್ಲ್ಯಾಕ್ ಎಲ್ಲಿ ಇಡಬೇಕೆನ್ನುವುದು ದೊಡ್ಡ ಜಾಣ್ಮೆ. ದಾರಿಯುದ್ದಕ್ಕೂ ಸಮನಾಗಿ ಹಂಚಿದರೆ ರೈಲು ಎಲ್ಲೆಲ್ಲೂ ತೆವಳುತ್ತದೆ. ಎಲ್ಲವನ್ನೂ ಕೊನೆಯ ನಿಲ್ದಾಣದ ಹೊಸ್ತಿಲಲ್ಲಿ ಪೇರಿಸಿಟ್ಟರೆ ನಡುವಿನ ಊರುಗಳಿಗೆ ಅದು ದಕ್ಕುವುದಿಲ್ಲ, ಅಂಕಿಅಂಶದಲ್ಲಿ ಮಾತ್ರ ರೈಲು ಹೊತ್ತಿಗೆ ಸರಿಯಾಗಿ ಬಂದಂತೆ ಕಾಣುತ್ತದೆ. ಬೇಕಿರುವುದು ಕನೆಕ್ಷನ್ ಇರುವ ಪ್ರತಿ ಜಂಕ್ಷನ್‌ನ ಮುಂಚೆ. ಇನ್ನೊಂದು ರಕ್ಷಣೆ ಅರ್ಧ ಗಂಟೆಗೊಂದು ರೈಲು: ಒಂದು ತಪ್ಪಿದರೂ ಹೋಗುವುದು 30 ನಿಮಿಷ, ಇಡೀ ಮಧ್ಯಾಹ್ನ ಅಲ್ಲ.

ಈ ವ್ಯವಸ್ಥೆ ಬಿಟ್ಟಿ ಬರುವುದಿಲ್ಲ ಎಂಬುದನ್ನು ಮುಚ್ಚಿಡಬಾರದು. ಎಲ್ಲ ರೈಲುಗಳೂ ಒಟ್ಟಿಗೆ ಬಂದರೆ ಅಷ್ಟೂ ರೈಲಿಗೆ ಏಕಕಾಲಕ್ಕೆ ಪ್ಲಾಟ್‌ಫಾರ್ಮ್ ಬೇಕು. ಹತ್ತು ನಿಮಿಷ ಜಾತ್ರೆಯಷ್ಟು ಜನ, ಆಮೇಲೆ ಇಪ್ಪತ್ತು ನಿಮಿಷ ಖಾಲಿ. ಕವಲು ಮಾರ್ಗದ ರೈಲುಗಳು ಕೊನೆಯ ನಿಲ್ದಾಣದಲ್ಲಿ ಮುಂದಿನ ಸರದಿಗಾಗಿ ಸುಮ್ಮನೆ ನಿಲ್ಲುತ್ತವೆ. ಅಷ್ಟು ಬೋಗಿ, ಅಷ್ಟು ಚಾಲಕರು ಹೆಚ್ಚು ಬೇಕು. ಜ್ಯೂರಿಕ್ ಮುಖ್ಯ ನಿಲ್ದಾಣ ಹಳಿ ಮುಗಿಯುವ ಮಾದರಿಯದು. ಬಂದ ರೈಲು ದಿಕ್ಕು ಬದಲಿಸಿ ಹೊರಡಬೇಕಿತ್ತು. ಆ ಒತ್ತಡಕ್ಕೆ ಪರಿಹಾರವೆಂದು ನಗರದ ಕೆಳಗೆ ಸುರಂಗ ಕೊರೆದು, ರೈಲುಗಳು ನೇರ ದಾಟಿಹೋಗುವ ನೆಲದಡಿಯ ನಿಲ್ದಾಣವನ್ನು 2014ರಲ್ಲಿ ತೆರೆದರು.

ಪದ್ಧತಿಯ ಫಲ ನಿಚ್ಚಳವಾಗಿ ಕಾಣುವುದು ದಕ್ಷಿಣದ ಫಿಸ್ಪ್‌ನಲ್ಲಿ. ಆಲ್ಪ್ಸ್ ಪರ್ವತಗಳ ನಡುವಿನ ಕಣಿವೆಯ ಸಣ್ಣ ಊರು ಅದು. ಬರ್ನ್‌ನಿಂದ ಬರುವ ರೈಲು ಹಳೆಯ ಬೆಟ್ಟದ ಹಳಿ ಹತ್ತಿ ಇಳಿದು ಮೊದಲು ಬ್ರಿಗ್ ಸೇರುತ್ತಿತ್ತು. ಆ ಪ್ರಾಂತ್ಯದ ಕನೆಕ್ಷನ್‌ಗಳೆಲ್ಲ ಅಲ್ಲೇ. 34.6 ಕಿ.ಮೀ. ಉದ್ದದ ಲೋಚ್‌ಬರ್ಗ್ ತಳ ಸುರಂಗ 2007ರಲ್ಲಿ ತೆರೆದಾಗ ಹಳಿ ಫಿಸ್ಪ್ ಹತ್ತಿರ ಹೊರಬಂತು, ಬರ್ನ್‌ನಿಂದ 55 ನಿಮಿಷ. ಮತ್ತೆ ಅದೇ ಗಂಟೆಯೊಳಗಿನ ಅಂಕಿ. ಬರ್ನ್‌ನಿಂದ ಗಂಟೆ ಕಳೆದು 7 ನಿಮಿಷಕ್ಕೆ ಹೊರಟ ರೈಲು ಮುಂದಿನ ಗಂಟೆಯ 2 ನಿಮಿಷಕ್ಕೆ ಫಿಸ್ಪ್‌ನಲ್ಲಿ. ಇಳಿದವರಿಗೆ ಜರ್ಮಾಟ್‌ಗೆ ಹೋಗುವ ಕಿರು ಹಳಿಯ ರೈಲು, ಸಾಸ್ ಕಣಿವೆಗೆ ಹೋಗುವ ಪೋಸ್ಟ್ ಬಸ್ ಅಲ್ಲೇ. ಬ್ರಿಗ್‌ನ ಪಟ್ಟ ಫಿಸ್ಪ್‌ಗೆ ಬಂತು. ಹಣ ಉಳಿಸಲು ಆ ಸುರಂಗದ ಸುಮಾರು 21 ಕಿ.ಮೀ. ಭಾಗವನ್ನು ಒಂಟಿ ಹಳಿಯಾಗಿಯೇ ಬಿಟ್ಟರು. ಅದರ ಬೆಲೆಯನ್ನು ವೇಳಾಪಟ್ಟಿ ಈಗಲೂ ತೆರುತ್ತಿದೆ. ಗೂಡ್ಸ್ ರೈಲುಗಳಿಗೂ ಜಾಗ ಕೊಟ್ಟು ಪ್ರಯಾಣಿಕರ ರೈಲನ್ನು ಅರ್ಧ ಗಂಟೆಗೊಂದರಂತೆ ಬಿಡಲು ಅಲ್ಲಿ ಆಗದು. ಎರಡನೇ ಹಳಿಗೆ ಮಂಜೂರಾತಿ ಆಮೇಲೆ ಸಿಕ್ಕಿತು.

ಇನ್ನು ಲೊಸಾನ್. ಹಣ ಕತ್ತರಿಸುವಾಗ ಬಿಟ್ಟ ಮೂರು ಹಳಿಗಳಲ್ಲಿ ವೋಡರೆನ್–ವಿಲಾರ್ ಒಂದು ಎಂದೆನಲ್ಲ, ಅದು ಬರ್ನ್–ಲೊಸಾನ್ ಪ್ರಯಾಣವನ್ನು ಗಂಟೆಯೊಳಕ್ಕೆ ತರಬೇಕಿದ್ದ ಹಳಿ. ಅದಿಲ್ಲದೆ 66 ನಿಮಿಷವೇ ಉಳಿಯಿತು. ಬರ್ನ್ ಬಿಟ್ಟದ್ದು 4ಕ್ಕೆ, ಲೊಸಾನ್ ಸೇರಿದ್ದು ಮುಂದಿನ ಗಂಟೆಯ 10ಕ್ಕೆ: ಮೇಲೆ ಹೇಳಿದ 69ರ ಕಥೆಯೇ ಇಲ್ಲಿಯೂ. ಹಳಿಯ ಬದಲು ರೈಲು ಎಂಬ ಉಪಾಯವನ್ನು ಇಲ್ಲಿಗೂ ತಂದರು. ತಿರುವಿನಲ್ಲಿ ಬೋಗಿಯ ವಾಲುವಿಕೆಯನ್ನು ಸರಿದೂಗಿಸಿ ವೇಗ ಕಾಯ್ದುಕೊಳ್ಳುವ ಎರಡಂತಸ್ತಿನ ರೈಲುಗಳನ್ನು ಕೊಂಡರು. ಬೇಕಾದ ಫಲ ಸಿಗಲಿಲ್ಲ. 2022ರಲ್ಲಿ ಎಸ್‌ಬಿಬಿ ಆ ವೇಗದ ಆಸೆಯನ್ನೇ ಬಿಟ್ಟಿತು. ದೇಶದ ಫ್ರೆಂಚ್ ಭಾಷಿಕ ಪಶ್ಚಿಮ ಭಾಗಕ್ಕೆ ಇದು ಇನ್ನೂ ಆರದ ಅಸಮಾಧಾನ, ಮತ್ತು ಅವರ ದೂರು ಸರಿ ಎಂದೇ ನಾನು ತಿಳಿಯುತ್ತೇನೆ. ಲೆಕ್ಕದ ಈ ಪದ್ಧತಿ 60ರೊಳಗೆ ಬಂದ ಊರಿಗೆ ಎಲ್ಲವನ್ನೂ ಕೊಡುತ್ತದೆ, ಆರು ನಿಮಿಷ ಮೀರಿದ ಊರಿಗೆ ಏನೂ ಕೊಡದೆ ದಶಕಗಟ್ಟಲೆ ಹೊರಗಿಡಬಲ್ಲದು.

ಹಾಗಾದರೆ ಅಲ್ಲಿ ಮಾಡಬಹುದಾದದ್ದೇನು? ಅರ್ಧ ಗಂಟೆಗೊಂದು ರೈಲಿರುವ ಮಾರ್ಗದಲ್ಲಿ 15 ನಿಮಿಷದ ಗುಣಕಗಳೂ ಕೂಡಿಬರುತ್ತವೆ. ಪ್ರಯಾಣವನ್ನು ಬೇಕೆಂದೇ 75ಕ್ಕೆ ಹಿಗ್ಗಿಸಿ ಲೊಸಾನ್ ಅನ್ನು ಕಾಲು ಗಂಟೆ, ಮುಕ್ಕಾಲು ಗಂಟೆಯ ಜಂಕ್ಷನ್ ಮಾಡಬಹುದು. ಕಾಗದದ ಮೇಲೆ ಅದು ಚೊಕ್ಕ. ಆದರೆ ಲೊಸಾನ್‌ನ ನಿಮಿಷವನ್ನು ಜಿನೀವಾ, ರೋನ್ ಕಣಿವೆ, ಜೂರಾ ತಪ್ಪಲಿನ ರೈಲುಗಳೂ ಹಿಡಿದೆಳೆಯುತ್ತವೆ, ಅಲ್ಲದೆ ರೈಲು ನಿಧಾನ ಮಾಡಿ ಎಂದು ಪಶ್ಚಿಮದ ಜನರ ಮುಂದೆ ಹೋಗಿ ಹೇಳುವ ಮುಖ ಯಾರಿಗೂ ಇಲ್ಲ. ಉಳಿದದ್ದು ಹಳಿಯನ್ನೇ ತಿದ್ದುವುದು: ತಿರುವುಗಳನ್ನು ನೇರ ಮಾಡುವುದು, ಇಲ್ಲವೇ ಮೂವತ್ತು ವರ್ಷದ ಹಿಂದೆ ಕೈಬಿಟ್ಟ ಹೊಸ ಮಾರ್ಗವನ್ನು ಮತ್ತೆ ನಕಾಶೆಯ ಮೇಲೆ ಎಳೆಯುವುದು. ಸುರಂಗದ ಉದ್ದ ಎಷ್ಟಿರಬೇಕು ಎಂಬುದನ್ನು ಆಗಲೂ ನಿರ್ಧರಿಸಬೇಕಾದದ್ದು ಲೊಸಾನ್‌ನ ವೇಳಾಪಟ್ಟಿಯಲ್ಲಿ 66ರಿಂದ 56ರ ಆಸುಪಾಸಿಗೆ ಇಳಿಯಲೇಬೇಕಾದ ಆ ಹತ್ತು ನಿಮಿಷಗಳು.